ಸ್ಕೀ ತಾಣದಲ್ಲಿ ದಿನ ಕೆಡದಿರಲು: ಚಳಿಗಾಲಕ್ಕೂ ಬೇಸಿಗೆಗೂ ಹಂತ ಹಂತದ ಮಾರ್ಗದರ್ಶಿ

ಮೊದಲ ಸಲ ಸ್ಕೀ ತಾಣಕ್ಕೆ ಹೋಗಿ ಬಂದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕಾಲು ನೋವು ತಡೆಯಲಾಗದೆ ಹನ್ನೊಂದು ಗಂಟೆಗೇ ಬೂಟು ಬಿಚ್ಚಿದರು. ಇಡೀ ಬೆಟ್ಟದ ಪಾಸ್ ಕೊಂಡು ದಿನವೆಲ್ಲ ಬುಡದಲ್ಲೇ ಕಳೆದರು. ಬೇಸಿಗೆಯಲ್ಲಿ ಹೋದರೆ ತಂತಿಯ ಮೇಲೆ ಬೆಟ್ಟ ಹತ್ತಿಸುವ ಲಿಫ್ಟೇ ಓಡುತ್ತಿರಲಿಲ್ಲ. ಇವೆಲ್ಲಕ್ಕೂ ಬೇರು ಒಂದೇ: ಕೆಲಸಗಳ ಕ್ರಮ ತಪ್ಪಿರುತ್ತದೆ. ಮೇಲೆ ಹೋಗುವುದನ್ನು ಮೊದಲು ಯೋಚಿಸಿ, ಕೆಳಗೆ ಬರುವುದನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡವರಿಗೆ ಬೆಟ್ಟದಲ್ಲಿ ತೊಂದರೆ ತಪ್ಪಿದ್ದಲ್ಲ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಹಿಂದುಮುಂದು ಮಾಡಬೇಡಿ.

ಹೊರಡುವ ಮುನ್ನ

1. ತಿಂಗಳು ಗೊತ್ತುಮಾಡಿ

ಉತ್ತರ ಗೋಳಾರ್ಧದಲ್ಲಿ ಸ್ಕೀ ಕಾಲ ಸುಮಾರಾಗಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ನ್ಯೂಜಿಲೆಂಡ್, ಚಿಲಿ, ಅರ್ಜೆಂಟೀನಾಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಾಲದ ಆರಂಭದಲ್ಲಿ ಕೆಳಗಿನ ಇಳಿಜಾರುಗಳ ಹಿಮ ತೆಳ್ಳಗಿದ್ದು ಅಲ್ಲಲ್ಲಿ ಕಲ್ಲು ಇಣುಕುತ್ತಿರುತ್ತದೆ. ಜನವರಿಯಲ್ಲಿ ಹಿಮ ಚೆನ್ನಾಗಿ ಕೂತಿರುತ್ತದೆ, ಆದರೆ ಚಳಿ ಕಡು, ಹಗಲು ಗಿಡ್ಡ. ಹೊಸದಾಗಿ ಕಲಿಯುವವರಿಗೆ ಉತ್ತರದಲ್ಲಿ ಮಾರ್ಚ್ ಒಳ್ಳೆಯದು. ಹಗಲು ಉದ್ದ, ಬಿಸಿಲು ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಹಿಮ ಮೆತ್ತಗಾಗುವುದರಿಂದ ಬಿದ್ದರೂ ಪೆಟ್ಟು ಕಡಿಮೆ.

ಬಹಳ ಜನ ಎಡವುವುದು ಎರಡು ಕಾಲಗಳ ನಡುವಿನ ಸಂದಿಯಲ್ಲಿ. ಆಲ್ಪ್ಸ್‌ನ ಹೆಚ್ಚಿನ ತಾಣಗಳು ಏಪ್ರಿಲ್ ಕೊನೆಯಿಂದ ಜೂನ್ ನಡುಭಾಗದವರೆಗೆ, ಮತ್ತೆ ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಲಿಫ್ಟ್ ನಿಲ್ಲಿಸಿ ಕೇಬಲ್, ರಾಟೆಗಳ ದುರಸ್ತಿ ಮಾಡುತ್ತವೆ. ಆಗ ಕೋಣೆ ಅಗ್ಗವಾಗಿ ಸಿಗುವುದು ಅದೇ ಕಾರಣಕ್ಕೆ. ಕೋಣೆ ಕಾಯ್ದಿರಿಸುವ ಮೊದಲು ತಾಣದ ಅಧಿಕೃತ ವೇಳಾಪಟ್ಟಿಯಲ್ಲಿ ಪ್ರತಿ ಲಿಫ್ಟಿನ ಆರಂಭ ಮತ್ತು ಮುಕ್ತಾಯದ ದಿನಾಂಕ ನೋಡಿ.

2. ಎತ್ತರ ಓದಿಕೊಳ್ಳಿ

ನಕ್ಷೆಯಲ್ಲಿ ಎರಡು ಅಂಕಿ ಗುರುತಿಸಿ: ನೀವು ಮಲಗುವ ಊರಿನ ಎತ್ತರ, ಲಿಫ್ಟಿನ ತುದಿಯ ಎತ್ತರ. ಪ್ರತಿ 1,000 ಮೀಟರಿಗೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. 1,500 ಮೀಟರಿನ ಊರಲ್ಲಿ 0 ಡಿಗ್ರಿ ಇದ್ದರೆ 3,000 ಮೀಟರಿನ ತುದಿಯಲ್ಲಿ ಸುಮಾರು ಮೈನಸ್ 10. ಅದರ ಮೇಲೆ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮೈಗೆ ತಟ್ಟುವುದು ಮೈನಸ್ 20ರ ಚಳಿ. ಊರಿನ ಹವಾಮಾನ ನೋಡಿ ಬಟ್ಟೆ ಆರಿಸಿದವರು ಮೇಲೆ ನಡುಗುವುದು ಇದಕ್ಕೇ.

ಸುಮಾರು 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ಎತ್ತರದ ಬಾಧೆ ಶುರುವಾಗುತ್ತದೆ. ಸ್ವಿಟ್ಜರ್ಲೆಂಡಿನ ಜೆರ್ಮಟ್‌ನ ಕ್ಲೈನ್ ಮ್ಯಾಟರ್‌ಹಾರ್ನ್ ನಿಲ್ದಾಣ 3,800 ಮೀಟರಿಗಿಂತ ಎತ್ತರದಲ್ಲಿದೆ, ಗುಲ್ಮಾರ್ಗ್‌ನ ಗೊಂಡೊಲಾ ಎಂಬ ಮುಚ್ಚಿದ ಡಬ್ಬಿಗಳ ಲಿಫ್ಟಿನ ಎರಡನೇ ಹಂತವೂ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಒಯ್ಯುತ್ತದೆ. ಬಂದ ದಿನವೇ ಅಂಥ ತುದಿಗೆ ಹೋಗಬೇಡಿ. ಒಂದು ರಾತ್ರಿ ಊರಲ್ಲಿ ಮಲಗಿ, ಮರುದಿನ ಅರ್ಧ ಎತ್ತರ, ಅದರ ಮರುದಿನ ತುದಿ.

3. ವಿಮೆಯ ಸಣ್ಣಕ್ಷರ ಓದಿ

ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೀಯಿಂಗ್ ಸೇರಿರುತ್ತದೆ ಎಂದು ಭಾವಿಸಬೇಡಿ. ಮೂರು ಸಂಗತಿ ಬರಹದಲ್ಲಿ ಇದೆಯೇ ನೋಡಿ: ಬೆಟ್ಟದಿಂದ ಇಳಿಸುವ ಖರ್ಚು, ಹೆಲಿಕಾಪ್ಟರ್ ಸೇರಿದಂತೆ; ಇನ್ನೊಬ್ಬರಿಗೆ ನಿಮ್ಮಿಂದ ಗಾಯವಾದರೆ ಪರಿಹಾರ; ಗುರುತು ಮಾಡಿದ ಹಾದಿಯ ಹೊರಗೆ ಹೋದಾಗಲೂ ರಕ್ಷಣೆ. ಮೂರನೆಯದು ಅನೇಕ ವಿಮೆಗಳಲ್ಲಿ ಇರುವುದಿಲ್ಲ.

4. ಕಾರಿನಲ್ಲಿ ಹೋಗುವವರಿಗೆ

ಚಕ್ರಕ್ಕೆ ಹಾಕುವ ಹಿಮದ ಸರಪಳಿಯನ್ನು ಮನೆಯಲ್ಲೇ ಒಮ್ಮೆ ಹಾಕಿ ತೆಗೆದು ನೋಡಿ. ಕತ್ತಲಲ್ಲಿ, ಮರಗಟ್ಟಿದ ಬೆರಳಲ್ಲಿ, ಮೊದಲ ಸಲ ಆ ಕೊಂಡಿ ಸಿಕ್ಕುವುದಿಲ್ಲ. ಸರಪಳಿ ಹಾಕುವುದು ಎಂಜಿನ್ ತಿರುಗಿಸುವ ಚಕ್ರಗಳಿಗೆ. ನೂರಿನ್ನೂರು ಮೀಟರ್ ಹೋಗಿ ನಿಂತು ಮತ್ತೆ ಬಿಗಿಮಾಡಿ, ವೇಗ ಗಂಟೆಗೆ 50 ಕಿ.ಮೀ. ಮೀರಬೇಡಿ. ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಗೇರಿನಲ್ಲಿ ಬಿಡಿ. ಹ್ಯಾಂಡ್‌ಬ್ರೇಕ್ ಎಳೆದರೆ ಅದು ಹೆಪ್ಪುಗಟ್ಟಿ ಹಿಡಿದುಕೊಳ್ಳಬಹುದು. ಡೀಸೆಲ್ ಕಾರಾದರೆ ಬೆಟ್ಟದ ಬುಡದ ಬಂಕಿನಲ್ಲಿ ಚಳಿಗಾಲದ ಡೀಸೆಲ್ ತುಂಬಿಸಿ.

ಚಳಿಗಾಲದ ಭೇಟಿ

5. ಬಟ್ಟೆ: ಮೂರು ಪದರ, ಒಂದೇ ಕಾಲುಚೀಲ

ಮೈಗೆ ಅಂಟಿದ ಪದರ ಉಣ್ಣೆಯದೋ ಸಿಂಥೆಟಿಕ್‌ದೋ ಆಗಿರಲಿ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಲಿಫ್ಟಿನಲ್ಲಿ ಕೂತಾಗ ಆ ಒದ್ದೆಯೇ ಮೈ ಕೊರೆಯುತ್ತದೆ. ನಡುವಿನ ಪದರ ಫ್ಲೀಸ್ ಎಂಬ ಮೆತ್ತನೆಯ ಬೆಚ್ಚಗಿನ ಬಟ್ಟೆ, ಹೊರಗಿನದು ಗಾಳಿ ನೀರು ತಡೆಯುವ ಜಾಕೆಟ್ಟು ಮತ್ತು ಪ್ಯಾಂಟು. ಜೀನ್ಸ್ ಬೇಡವೇ ಬೇಡ. ಹೊರಡುವಾಗ ಸ್ವಲ್ಪ ಚಳಿ ಅನಿಸುವಷ್ಟೇ ತೊಡಿ, ಐದು ನಿಮಿಷ ಆಡಿದರೆ ಮೈ ಕಾಯುತ್ತದೆ.

ಚಳಿ ಇದ್ದರೂ ಬಿಸಿಲು ಸುಡುತ್ತದೆ. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ. 80ರವರೆಗೆ ಮೇಲಕ್ಕೆ ತಿರುಗಿಸುತ್ತದೆ. ಹಾಗಾಗಿ ಸನ್‌ಸ್ಕ್ರೀನನ್ನು ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಅಡಿಗೂ ಹಚ್ಚಿ. ಗಾಗಲ್ಸ್ ಗಾಜಿನ ಮೇಲೆ ಎಸ್1, ಎಸ್3 ಎಂಬಂಥ ಗುರುತಿರುತ್ತದೆ. ಮೋಡದ ದಿನಕ್ಕೆ ಎಸ್1, ಬಿಸಿಲಿಗೆ ಎಸ್3. ಮೋಡದ ದಿನ ಕಪ್ಪು ಗಾಜು ತೊಟ್ಟರೆ ನೆಲದ ಉಬ್ಬುತಗ್ಗು ಕಾಣುವುದೇ ಇಲ್ಲ.

6. ಬೂಟು: ಇಲ್ಲಿ ಅವಸರ ಮಾಡಬೇಡಿ

ಉಪಕರಣಗಳಲ್ಲಿ ಮೊದಲು ಆರಿಸಬೇಕಾದ್ದು ಬೂಟು. ಸ್ಕೀ ಎಷ್ಟೇ ಒಳ್ಳೆಯದಿರಲಿ, ಬೂಟು ಸರಿಯಿಲ್ಲದಿದ್ದರೆ ಅದು ನಿಮ್ಮ ಮಾತು ಕೇಳುವುದಿಲ್ಲ. ಬಾಡಿಗೆಗೆ ಕೊಡುವ ಅಂಗಡಿಗೆ ಹಿಂದಿನ ದಿನ ಸಂಜೆಯೇ ಹೋಗಿ, ಅರ್ಧ ಗಂಟೆ ಬೂಟಿಗೇ ಮೀಸಲಿಡಿ.

ಬೂಟಿನ ಅಳತೆ ಪಾದದ ಉದ್ದದ ಸೆಂಟಿಮೀಟರಿನಲ್ಲಿರುತ್ತದೆ. ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು ಹೆಬ್ಬೆರಳ ತುದಿಯವರೆಗೆ ಅಳೆಯಿರಿ. 26 ಸೆಂ.ಮೀ. ಬಂದರೆ 26ರ ಬೂಟು ಕೇಳಿ, ಹಾಯಾಗಿರಲಿ ಎಂದು 27 ತೊಡಬೇಡಿ. ಸಂಶಯವಿದ್ದರೆ ಒಳಗಿನ ಮೆತ್ತೆ ತೆಗೆಸಿ ಬರೀ ಚಿಪ್ಪಿನಲ್ಲಿ ಕಾಲಿಡಿ. ಬೆರಳು ಮುಂದೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಸೆಂ.ಮೀ. ಜಾಗ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಬೂಟು ದೊಡ್ಡದು.

ತೊಡುವ ಕ್ರಮ ಹೀಗೆ. ಮೊಣಕಾಲಿನವರೆಗೆ ಬರುವ ಒಂದೇ ತೆಳು ಕಾಲುಚೀಲ ಹಾಕಿ, ಸುಕ್ಕಿಲ್ಲದಂತೆ ಎಳೆಯಿರಿ. ಎರಡು ಹಾಕಿದರೆ ಬೆಚ್ಚಗಾಗುತ್ತದೆ ಎಂಬುದು ತಪ್ಪು. ರಕ್ತಸಂಚಾರ ಕುಗ್ಗಿ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಒಳಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕಬೇಡಿ, ಆ ಹೊಲಿಗೆ ಮಧ್ಯಾಹ್ನದೊಳಗೆ ಕಾಲಿನ ಮೂಳೆಯ ಮೇಲೆ ಬರೆ ಎಳೆಯುತ್ತದೆ. ಕಾಲು ಹಾಕಿ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ. ಈಗ ಮಂಡಿ ಮುಂದಕ್ಕೆ ಬಾಗಿಸಿ ಮೇಲಿನ ಬಕಲ್‌ಗಳನ್ನು ಮೊದಲು ಹಾಕಿ, ಆಮೇಲೆ ಪಾದದ ಮೇಲಿನವು, ಅವು ಬರೀ ತೂಗಾಡದಷ್ಟು ಬಿಗಿಯಾದರೆ ಸಾಕು. ಕೊನೆಗೆ ಮೇಲಿನ ಅಗಲ ಪಟ್ಟಿ.

ಪರೀಕ್ಷೆ: ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತುಸು ತಾಗಬೇಕು, ಮಂಡಿ ಬಾಗಿಸಿದಾಗ ಹಿಂದೆ ಸರಿಯಬೇಕು. ಮುಂದೆ ಬಾಗಿದಾಗ ಹಿಮ್ಮಡಿ ಏಳಕೂಡದು. ಹತ್ತು ನಿಮಿಷ ತೊಟ್ಟು ಅಂಗಡಿಯಲ್ಲೇ ಅಡ್ಡಾಡಿ. ಒಂದೇ ಬಿಂದುವಿನಲ್ಲಿ ಚುಚ್ಚಿದರೆ, ಬೆರಳು ಜೋಮು ಹಿಡಿದರೆ ಬದಲಿಸಿ; ಬೂಟು ಹೊಂದಿಕೊಳ್ಳುತ್ತದೆ ಎಂಬ ಸಮಾಧಾನಕ್ಕೆ ಒಪ್ಪಬೇಡಿ. ರಾತ್ರಿ ಬೂಟನ್ನು ಬೆಚ್ಚಗಿನ ಕೋಣೆಯಲ್ಲಿಡಿ. ಕಾರಿನಲ್ಲಿ ಬಿಟ್ಟರೆ ಪ್ಲಾಸ್ಟಿಕ್ ಮರದಂತೆ ಗಟ್ಟಿಯಾಗಿ ಬೆಳಗ್ಗೆ ಕಾಲು ಒಳಗೇ ಹೋಗುವುದಿಲ್ಲ.

7. ಸ್ಕೀ, ಬೈಂಡಿಂಗ್, ಕೋಲು, ಹೆಲ್ಮೆಟ್

ಕಲಿಯುವವರ ಸ್ಕೀ ನಿಲ್ಲಿಸಿದಾಗ ಎದೆಗೂ ಗದ್ದಕ್ಕೂ ನಡುವೆ ಬರಲಿ. ಕೋಲನ್ನು ತಲೆಕೆಳಗಾಗಿ ಹಿಡಿದು, ಮೊನೆಯ ಹತ್ತಿರದ ಬಿಲ್ಲೆಯಂಥ ಬುಟ್ಟಿಯ ಕೆಳಗೆ ಮುಷ್ಟಿ ಇಟ್ಟಾಗ ಮೊಣಕೈ 90 ಡಿಗ್ರಿ ಬಾಗಿರಬೇಕು. ಹೆಲ್ಮೆಟ್ ತಲೆ ಅಲ್ಲಾಡಿಸಿದರೆ ಜಾರಬಾರದು, ಅದಕ್ಕೂ ಗಾಗಲ್ಸ್‌ಗೂ ನಡುವೆ ಹಣೆ ಕಾಣಬಾರದು.

ಬೈಂಡಿಂಗ್ ಅಂದರೆ ಬೂಟನ್ನು ಸ್ಕೀಗೆ ಹಿಡಿಯುವ, ಬಿದ್ದಾಗ ಬಿಡುವ ಯಂತ್ರ. ಅದು ಎಷ್ಟು ಬಲಕ್ಕೆ ಬಿಡಬೇಕು ಎಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ರೀತಿ ಇವಿಷ್ಟನ್ನು ನೋಡಿ ನಿಗದಿಮಾಡುತ್ತಾರೆ. ತೂಕ ಹೇಳಲು ಸಂಕೋಚ ಬೇಡ, ನಾನು ಚೆನ್ನಾಗಿ ಸ್ಕೀ ಮಾಡುತ್ತೇನೆ ಎಂಬ ಜಂಬವೂ ಬೇಡ. ಅಂಕಿ ಹೆಚ್ಚಾದರೆ ನಿಧಾನವಾಗಿ ಬಿದ್ದಾಗ ಸ್ಕೀ ಬಿಡದೆ ಮಂಡಿ ತಿರುಚುತ್ತದೆ. ಕಡಿಮೆಯಾದರೆ ನಡುದಾರಿಯಲ್ಲೇ ಕಳಚಿಕೊಳ್ಳುತ್ತದೆ. ಮಧ್ಯದಲ್ಲಿ ಬೂಟು ಬದಲಿಸಿದರೆ ಬೈಂಡಿಂಗ್ ಮತ್ತೆ ಹೊಂದಿಸಲೇಬೇಕು. ನೀವೇ ತಿರುಪು ತಿರುಗಿಸಬೇಡಿ.

8. ಪಾಠ ಮೊದಲು, ಪಾಸ್ ಆಮೇಲೆ

ಮೊದಲ ದಿನಕ್ಕೆ ಇಡೀ ಬೆಟ್ಟದ ಪಾಸ್ ದಂಡ. ಕಲಿಯುವವರ ಜಾಗದಲ್ಲಿ ನೆಲದ ಮೇಲೆ ಸರಿಯುವ ಪಟ್ಟಿಯಂಥ ಲಿಫ್ಟ್ ಇರುತ್ತದೆ, ಅದಕ್ಕೆ ಬೇರೆ ಅಗ್ಗದ ಟಿಕೆಟ್ ಇದೆಯೇ ಕೇಳಿ. ಶಿಕ್ಷಕರ ಪಾಠ ಮೊದಲ ದಿನ ಬೆಳಗ್ಗೆಯೇ ಇರಲಿ. ಗೆಳೆಯರು ಕಲಿಸುತ್ತಾರೆ ಎಂದು ನಂಬಿ ಹೋದವರನ್ನು ಗೆಳೆಯರು ನೇರ ಮೇಲಕ್ಕೆ ಕರೆದೊಯ್ಯುತ್ತಾರೆ, ಅಲ್ಲಿಂದ ಇಳಿಯುವುದು ಹೇಗೆಂದು ಆಮೇಲೆ ಯೋಚಿಸುತ್ತಾರೆ.

9. ಮೊದಲ ಎರಡು ಗಂಟೆ

ಬೂಟಿನ ಅಡಿಯ ಹಿಮ ಕೆರೆದು ತೆಗೆಯಿರಿ, ಒಂದಿಷ್ಟು ಅಂಟಿದ್ದರೂ ಬೈಂಡಿಂಗ್ ಪೂರ್ತಿ ಕೂರುವುದಿಲ್ಲ. ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಡಿ. ಕೆಳಬದಿಯ ಸ್ಕೀ ಮೊದಲು: ಬೆರಳ ಕಡೆ ಸಿಕ್ಕಿಸಿ, ಹಿಮ್ಮಡಿ ಒತ್ತಿ, ಟಕ್ಕೆಂದು ಸದ್ದು ಬರಬೇಕು.

ನಿಲ್ಲುವುದು ಹೀಗೆ: ಮುಂತುದಿಗಳು ಹತ್ತಿರ, ಹಿಂತುದಿಗಳು ಅಗಲ, ಮಂಡಿ ಬಾಗಿ, ಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತಿರಬೇಕು. ಹಿಂತುದಿ ಅಗಲಿಸಿದಷ್ಟೂ ವೇಗ ಇಳಿಯುತ್ತದೆ. ಎಡಕ್ಕೆ ತಿರುಗಲು ಬಲಗಾಲ ಮೇಲೆ ಭಾರ, ಬಲಕ್ಕೆ ತಿರುಗಲು ಎಡಗಾಲ ಮೇಲೆ. ಹೆದರಿಕೆಯಾದಾಗ ಮೈ ತಾನೇ ಹಿಂದಕ್ಕೆ ವಾಲುತ್ತದೆ. ಎಲ್ಲ ಕೆಡುವುದು ಅಲ್ಲೇ, ಮುಂತುದಿಯ ಭಾರ ತಪ್ಪಿದ ಕೂಡಲೆ ಸ್ಕೀ ತಿರುಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ತೊಡೆ ಉರಿಯತೊಡಗಿದರೆ ನೀವು ಹಿಂದೆ ಕೂತಿದ್ದೀರಿ ಎಂದು ತಿಳಿಯಿರಿ.

ಬೀಳುವುದಾದರೆ ಪಕ್ಕಕ್ಕೆ, ಬೆಟ್ಟದ ಕಡೆಗೆ ಬೀಳಿ. ಏಳುವ ಮೊದಲು ಸ್ಕೀಗಳನ್ನು ನಿಮ್ಮ ಕೆಳಗೆ, ಇಳಿಜಾರಿಗೆ ಅಡ್ಡ ತನ್ನಿ.

10. ಲಿಫ್ಟ್ ಹತ್ತಿ ಇಳಿಯುವುದು

ಚೇರ್‌ಲಿಫ್ಟ್‌ಗೆ ಮುನ್ನ ಕೋಲಿನ ಪಟ್ಟಿಯನ್ನು ಮಣಿಕಟ್ಟಿನಿಂದ ತೆಗೆಯಿರಿ, ಬೆನ್ನಿನ ಚೀಲವನ್ನು ಮುಂದೆ ಹಿಡಿಯಿರಿ. ಚೀಲದ ಪಟ್ಟಿ ಕುರ್ಚಿಗೆ ಸಿಕ್ಕಿಕೊಂಡು ಇಳಿಯಲಾಗದೆ ಒದ್ದಾಡುವುದು ಅಪರೂಪವಲ್ಲ. ಗೆರೆಯ ಮೇಲೆ ನಿಂತು ಹಿಂದೆ ತಿರುಗಿ ಕುರ್ಚಿ ನೋಡಿ, ತಾಗಿದಾಗ ಕೂತು ಅಡ್ಡಪಟ್ಟಿ ಇಳಿಸಿ. ಇಳಿಯುವಾಗ ಮುಂತುದಿ ಮೇಲೆ, ಎದ್ದು ನೇರ ಜಾರಿ ಹೋಗಿ, ಅಲ್ಲೇ ನಿಲ್ಲಬೇಡಿ. ಲಿಫ್ಟ್ ನಡುವೆ ನಿಂತರೆ ಏನೇ ಆದರೂ ಹಾರಬೇಡಿ. ತಿರುಗಿಸಿದ ಟಿ ಅಕ್ಷರದಂಥ ಎಳೆಯುವ ಲಿಫ್ಟ್ ಸಿಕ್ಕರೆ ಅದರ ಮೇಲೆ ಕೂರಬೇಡಿ, ಅದು ನಿಮ್ಮನ್ನು ಎಳೆಯುತ್ತದೆ ಅಷ್ಟೇ. ಕೂತವರು ನೆಲಕ್ಕೇ ಬೀಳುತ್ತಾರೆ.

11. ಹಾದಿಯ ಬಣ್ಣ, ಬೆಟ್ಟದ ನಿಯಮ

ಯೂರೋಪಿನಲ್ಲಿ ನೀಲಿ ಸುಲಭ, ಕೆಂಪು ನಡುವಿನದು, ಕಪ್ಪು ಕಠಿಣ. ಫ್ರಾನ್ಸಿನಂಥ ಕಡೆ ನೀಲಿಗಿಂತ ಸುಲಭದ ಹಸಿರೂ ಇದೆ. ಆಸ್ಟ್ರಿಯಾ, ಜರ್ಮನಿಯ ಲೆಕ್ಕದಲ್ಲಿ ನೀಲಿ ಹಾದಿಯ ಇಳಿಜಾರು ಶೇ. 25 ಮೀರಬಾರದು, ಕೆಂಪು ಶೇ. 40; ಚಿಕ್ಕ ತುಂಡುಗಳಿಗೆ ಮಾತ್ರ ವಿನಾಯಿತಿ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಠಿಣ. ಯೂರೋಪಿನ ನೀಲಿಯಲ್ಲಿ ಕಲಿತವರು ಅಲ್ಲಿನ ನೀಲಿಯನ್ನು ಅದೇ ಎಂದುಕೊಂಡು ಹೋದರೆ ಪೇಚಿಗೆ ಸಿಕ್ಕುತ್ತಾರೆ. ಜೊತೆಗೆ, ಮಧ್ಯಾಹ್ನ ಮೆತ್ತಗಿದ್ದ ಹಾದಿ ಸಂಜೆ ಮತ್ತೆ ಹೆಪ್ಪುಗಟ್ಟಿದರೆ ಬಣ್ಣ ಅದೇ ಇದ್ದರೂ ಹಾದಿ ಬೇರೆಯೇ.

ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಹತ್ತು ನಿಯಮಗಳಲ್ಲಿ ಇವು ಬಾಯಿಪಾಠ ಇರಲಿ: ಕೆಳಗೆ ಹೋಗುತ್ತಿರುವವರನ್ನು ತಪ್ಪಿಸಿಕೊಂಡು ಹೋಗುವ ಹೊಣೆ ಮೇಲಿನಿಂದ ಬರುವವರದು. ಹೊರಡುವ ಮುನ್ನ ಮೇಲೂ ಕೆಳಗೂ ನೋಡಬೇಕು. ನಿಲ್ಲುವುದಾದರೆ ಹಾದಿಯ ಅಂಚಿನಲ್ಲಿ, ಇಕ್ಕಟ್ಟಿನಲ್ಲೋ ಉಬ್ಬಿನ ಮರೆಯಲ್ಲೋ ಅಲ್ಲ. ಯಾರಾದರೂ ಗಾಯಗೊಂಡರೆ ಅವರ ಮೇಲ್ಭಾಗದಲ್ಲಿ ಎರಡು ಸ್ಕೀಗಳನ್ನು ಗುಣಿಸು ಚಿಹ್ನೆಯಂತೆ ನೆಟ್ಟು, ತಾಣದ ರಕ್ಷಣಾ ಸಂಖ್ಯೆಗೆ ಕರೆಮಾಡಿ; ಯೂರೋಪಿನಲ್ಲಿ 112 ಕೂಡ ಆಗುತ್ತದೆ. ಹಾದಿಯಂಚಿನ ಹತ್ತಿರದ ಗುರುತುಕಂಬದ ಅಂಕಿ ಹೇಳಿದರೆ ಅವರು ನೇರ ಬರುತ್ತಾರೆ.

ಹಗ್ಗ ಕಟ್ಟಿ ಮುಚ್ಚಿದ ಹಾದಿಗೆ ನುಗ್ಗಬೇಡಿ. ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗೆ ಅಳೆಯುತ್ತಾರೆ, 3 ಅಂದರೆ ನಡುವಿನದು ಎಂದು ಹಗುರಾಗಿ ಎಣಿಸಬೇಡಿ, ಅದು ಗಂಭೀರ ಅಪಾಯವೇ. ಸಂಜೆ ಲಿಫ್ಟ್ ನಿಂತ ಮೇಲೆ ಇಳಿಜಾರಿನಲ್ಲಿ ಅಡ್ಡಾಡುವುದೂ ಅಷ್ಟೇ ಕೆಟ್ಟದ್ದು. ಹಿಮ ಸಮಮಾಡುವ ಯಂತ್ರಗಳನ್ನು ಕಡಿದಾದ ಕಡೆ ಉಕ್ಕಿನ ಹಗ್ಗದಿಂದ ಎಳೆಯುತ್ತಾರೆ. ಒಂದು ಕಿಲೋಮೀಟರಿನಷ್ಟು ಉದ್ದದ ಆ ಹಗ್ಗ ಕತ್ತಲಲ್ಲಿ ಕಾಣುವುದಿಲ್ಲ, ಬಿಗಿಯಾದಾಗ ನೆಲದಿಂದ ಸಟಕ್ಕನೆ ಏಳುತ್ತದೆ.

12. ಇಲ್ಲಿಗೆ ನಿಲ್ಲಿಸಿ ಎನ್ನುವ ಸೂಚನೆಗಳು

ಮೂಗು, ಕೆನ್ನೆ, ಕಿವಿಯಲ್ಲಿ ಬಿಳಿಚಿದ ಕಲೆ ಕಂಡರೆ ಒಳಗೆ ಹೋಗಿ ಬೆಚ್ಚಗಿನ ಅಂಗೈಯಿಂದ ಮುಚ್ಚಿ ಹಿಡಿಯಿರಿ. ಉಜ್ಜಬೇಡಿ, ಹಿಮದಿಂದಂತೂ ಬೇಡ. ಒಬ್ಬರು ಮಾತು ತೊದಲುತ್ತಿದ್ದರೆ, ಚಳಿ ಇದ್ದೂ ನಡುಕ ನಿಂತುಹೋಗಿದ್ದರೆ ಅದು ತುರ್ತು. ತಲೆನೋವಿನ ಜೊತೆ ವಾಕರಿಕೆ ಬಂದರೆ ಎತ್ತರದ ಬಾಧೆ ಇರಬಹುದು, ಗುಳಿಗೆ ನುಂಗಿ ಕಾಯುವುದಕ್ಕಿಂತ ಕೆಳಗಿಳಿಯುವುದೇ ಮದ್ದು. ಸುಲಭದ ತಿರುವಿನಲ್ಲೂ ಬೀಳತೊಡಗಿದರೆ ಕಾಲು ದಣಿದಿದೆ. ಇನ್ನೊಂದೇ ಒಂದು ಸುತ್ತು ಎನ್ನದೆ ಗೊಂಡೊಲಾದಲ್ಲೇ ಇಳಿಯಿರಿ.

ಬೇಸಿಗೆಯ ಭೇಟಿ

13. ಓಡುವ ಲಿಫ್ಟ್, ಕೊನೆಯ ವೇಳೆ

ಬೇಸಿಗೆಯಲ್ಲಿ ಲಿಫ್ಟ್‌ಗಳ ಪೈಕಿ ಕೆಲವು ಮಾತ್ರ ಓಡುತ್ತವೆ, ಮಧ್ಯಾಹ್ನ ಬಿಡುವು ಕೊಡುವ, ವಾರದಲ್ಲಿ ಕೆಲ ದಿನ ನಿಲ್ಲುವ ಲಿಫ್ಟ್‌ಗಳೂ ಉಂಟು. ಚಳಿಗಾಲದ ನಕ್ಷೆ ಇಟ್ಟುಕೊಂಡು ಯೋಜನೆ ಹಾಕಬೇಡಿ. ಬುಡದ ನಿಲ್ದಾಣದಲ್ಲಿ ಕೊನೆಯ ಕೆಳಪಯಣದ ವೇಳೆಯ ಫಲಕದ, ನಿಲ್ದಾಣದ ಫೋನ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಬೇಸಿಗೆಯಲ್ಲೂ ಸ್ಕೀ ಮಾಡಬೇಕು ಎನ್ನುವವರಿಗೆ ಜೆರ್ಮಟ್, ಆಸ್ಟ್ರಿಯಾದ ಹಿಂಟರ್‌ಟುಕ್ಸ್‌ನಂಥ ಹಿಮನದಿ ತಾಣಗಳಿವೆ. ಅಲ್ಲಿ ಬೆಳಗ್ಗೆ ಬೇಗ ಹತ್ತಿ ಮಧ್ಯಾಹ್ನದೊಳಗೆ ಮುಗಿಸಬೇಕು, ಆಮೇಲೆ ಹಿಮ ಕೆಸರಾಗುತ್ತದೆ. ಹಾದಿಯ ಗುರುತು ದಾಟಬೇಡಿ, ಅಲ್ಲಿ ಬಿರುಕುಗಳಿರುತ್ತವೆ.

14. ನಡಿಗೆಯ ಲೆಕ್ಕ

ಸ್ವಿಟ್ಜರ್ಲೆಂಡಿನ ಗುರುತುಗಳು ಹೀಗಿವೆ: ಬರೀ ಹಳದಿ ಅಂದರೆ ಸುಲಭದ ಹಾದಿ, ಬಿಳಿ-ಕೆಂಪು-ಬಿಳಿ ಬೆಟ್ಟದ ಹಾದಿ, ಗಟ್ಟಿ ಬೂಟು ಬೇಕು, ಬಿಳಿ-ನೀಲಿ-ಬಿಳಿ ಅನುಭವಿಗಳಿಗೆ ಮಾತ್ರ. ಫಲಕದಲ್ಲಿ ಬರೆದ ಸಮಯದಲ್ಲಿ ವಿಶ್ರಾಂತಿ ಸೇರಿಲ್ಲ.

ನೀವೇ ಲೆಕ್ಕ ಹಾಕುವುದಾದರೆ ಗಂಟೆಗೆ 4 ಕಿ.ಮೀ. ದೂರ, 300 ಮೀಟರ್ ಏರು, 500 ಮೀಟರ್ ಇಳಿತ ಎಂದು ಹಿಡಿಯಿರಿ. ದೂರದ ಸಮಯ ಒಂದು, ಏರಿಳಿತದ ಸಮಯ ಇನ್ನೊಂದು. ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಿ. ಉದಾಹರಣೆಗೆ 8 ಕಿ.ಮೀ. ಹಾದಿ, 600 ಮೀಟರ್ ಏರು, 500 ಮೀಟರ್ ಇಳಿತ. ದೂರಕ್ಕೆ 2 ಗಂಟೆ, ಏರಿಳಿತಕ್ಕೆ 2 ಮತ್ತು 1, ಒಟ್ಟು 3. ಮೂರಕ್ಕೆ ಎರಡರ ಅರ್ಧ ಸೇರಿಸಿದರೆ 4 ಗಂಟೆ. ವಿಶ್ರಾಂತಿಗೆ ಒಂದು ಗಂಟೆ, ತಡಕ್ಕೆ ಅರ್ಧ ಗಂಟೆ ಇಟ್ಟರೆ, ಕೊನೆಯ ಲಿಫ್ಟ್ 4:30ಕ್ಕೆ ಇದ್ದಾಗ 11ರೊಳಗೆ ಹೊರಟಿರಬೇಕು. ಗುಡುಗಿನ ಸಂಭವ ಇದ್ದ ದಿನ 8ಕ್ಕೇ ಹೊರಡಿ.

ಲಿಫ್ಟಿನಲ್ಲಿ ಹತ್ತಿ ನಡೆದು ಇಳಿಯುವುದು ಸುಲಭ ಎಂದು ಬಹಳ ಜನ ಭಾವಿಸುತ್ತಾರೆ. ಅಭ್ಯಾಸವಿಲ್ಲದ ಮಂಡಿಗೆ 1,000 ಮೀಟರ್ ಇಳಿತ ಏರಿಗಿಂತ ಕಷ್ಟ. ನಡೆದು ಹತ್ತಿ ಲಿಫ್ಟಿನಲ್ಲಿ ಇಳಿಯಿರಿ, ಇಲ್ಲವೇ ನಡುನಿಲ್ದಾಣದಿಂದ ಮಾತ್ರ ನಡೆಯಿರಿ. ತಲೆಗೆ 1.5ರಿಂದ 2 ಲೀಟರ್ ನೀರು, ಮಳೆಯಂಗಿ, ಬೆಚ್ಚಗಿನ ಒಂದು ಪದರ ಚೀಲದಲ್ಲಿರಲಿ.

15. ಗುಡುಗು, ಹಳೆ ಹಿಮ, ದನಗಳು

ಬೆಳಗ್ಗೆಯೇ ಮೋಡಗಳು ಹೂಕೋಸಿನಂತೆ ಮೇಲಕ್ಕೆ ಉಬ್ಬತೊಡಗಿದರೆ ಮಧ್ಯಾಹ್ನ ಗುಡುಗು ಖಂಡಿತ ಎಂದೇ ನಡೆದುಕೊಳ್ಳಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಅಂದರೆ ಸುಮಾರು 10 ಕಿ.ಮೀ.; ಅಷ್ಟರೊಳಗೆ ಏಣು, ಒಂಟಿ ಮರ, ಲೋಹದ ಕಂಬಗಳಿಂದ ದೂರ ಕೆಳಗಿರಬೇಕು. ಸಿಡಿಲಿನ ಹೊತ್ತಲ್ಲಿ ಲಿಫ್ಟ್‌ಗಳನ್ನು ನಿಲ್ಲಿಸುತ್ತಾರೆ ಎಂಬುದನ್ನು ಮರೆಯಬೇಡಿ. ಓಡಿಹೋಗಿ ಲಿಫ್ಟ್ ಹಿಡಿಯುತ್ತೇನೆ ಎಂಬ ಲೆಕ್ಕ ಆಗ ನಡೆಯುವುದಿಲ್ಲ. ಬಯಲಲ್ಲಿ ಸಿಕ್ಕಿಬಿದ್ದರೆ ಚೀಲದ ಮೇಲೆ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆ ಹೊರಡಿ.

ಜೂನ್‌ನಲ್ಲಿ ನೆರಳಿನ ಕಡೆ ಹಳೆ ಹಿಮದ ತುಂಡುಗಳು ಹಾದಿಗೆ ಅಡ್ಡ ಉಳಿದಿರುತ್ತವೆ. ಬೆಳಗ್ಗೆ ಅವು ಗಾಜಿನಂತೆ ಗಟ್ಟಿ, ಜಾರಿದರೆ ಕೆಳಗಿನ ಬಂಡೆಯವರೆಗೆ ನಿಲ್ಲುವುದಿಲ್ಲ. ಕೆಳಗೆ ಬಂಡೆ ಕಂಡರೆ ಹಿಂತಿರುಗಿ. ಕರುಗಳಿರುವ ದನಗಳ ನಡುವೆ ಹಾಯಬೇಡಿ, ದೂರ ಸುತ್ತಿ ಹೋಗಿ. ನಾಯಿ ಜೊತೆಗಿದ್ದರೆ ಹಗ್ಗ ಗಿಡ್ಡ ಹಿಡಿಯಿರಿ, ದನ ಮೇಲೆ ಬಿದ್ದರೆ ಬಿಟ್ಟುಬಿಡಿ. ದನಕ್ಕೆ ಸಿಟ್ಟು ನಾಯಿಯ ಮೇಲೆ.

16. ಬೈಕು

ಲಿಫ್ಟಿನಲ್ಲಿ ಒಯ್ದು ಇಳಿಸುವ ಬೈಕಿಗೆ ಮುಖ ಮುಚ್ಚುವ ಹೆಲ್ಮೆಟ್, ಮಂಡಿ ಮತ್ತು ಮೊಣಕೈ ಕವಚ ಬಾಡಿಗೆಗೆ ತೆಗೆದುಕೊಳ್ಳಿ. ಹೊರಡುವ ಮುನ್ನ ಎರಡೂ ಬ್ರೇಕ್ ಹಿಡಿದು ಬೈಕನ್ನು ಮುಂದೆ ತಳ್ಳಿ ನೋಡಿ. ಬ್ರೇಕ್ ಹಿಡಿಕೆ ಹಿಡಿಗೆ ತಾಗುವಷ್ಟು ಒಳಬಂದರೆ ಬೈಕು ಬದಲಿಸಿ. ಮೊದಲ ಸುತ್ತು ಅತಿ ಸುಲಭದ ಹಾದಿಯಲ್ಲಿ, ಎಲ್ಲಿ ನೆಗೆತವಿದೆ ಎಂದು ನೋಡುವುದಕ್ಕಷ್ಟೇ.

17. ಕೊನೆಯ ಲಿಫ್ಟ್ ತಪ್ಪಿದರೆ

ಮೊದಲು, ಬುಡದಲ್ಲಿ ತೆಗೆದಿಟ್ಟ ಫೋಟೊದಲ್ಲಿರುವ ನಿಲ್ದಾಣದ ಫೋನ್ ಸಂಖ್ಯೆಗೆ ಕರೆಮಾಡಿ. ಸಿಬ್ಬಂದಿ ಇನ್ನೂ ಮೇಲಿದ್ದರೆ ದಾರಿ ಹೇಳುತ್ತಾರೆ. ಲಿಫ್ಟಿನ ತಂತಿಯ ಕೆಳಗೆ ನೇರ ಇಳಿಯಲು ಹೋಗಬೇಡಿ, ನಡುವೆ ಬಂಡೆಯ ಕಡಿದು ಬರಬಹುದು. ವಾಹನಗಳು ಮೇಲಿನ ನಿಲ್ದಾಣಕ್ಕೆ ಬಂದು ಹೋಗುವ ಮಣ್ಣಿನ ರಸ್ತೆ ಇದ್ದರೆ ಅದನ್ನೇ ಹಿಡಿಯಿರಿ. ಉದ್ದ, ಆದರೆ ಊರು ಮುಟ್ಟಿಸುತ್ತದೆ. ಕತ್ತಲಾಗಲು ಎರಡು ಗಂಟೆಗಿಂತ ಕಡಿಮೆ ಇದ್ದು, ಕೈಯಲ್ಲಿ ಟಾರ್ಚ್ ಇಲ್ಲದಿದ್ದರೆ, ಹತ್ತಿರದ ಬೆಟ್ಟದ ತಂಗುಮನೆಗೆ ಹೋಗಿ ರಾತ್ರಿ ಉಳಿಯಿರಿ. ಕೆಳಗೆ ಕಾಯುತ್ತಿರುವವರಿಗೆ ಅದನ್ನು ತಿಳಿಸಿ, ಇಲ್ಲವಾದರೆ ಅವರು ರಕ್ಷಣಾ ಪಡೆಯನ್ನು ಕರೆಯುತ್ತಾರೆ.